ಮಗಳು ಊಟ ಬಿಟ್ಟಿದ್ದಾಳೆ, ಡಾಕ್ಟರ್ ಡಯಟೀಷಿಯನ್ ಹತ್ತಿರವೂ ಹೋಗಿ ಅಂದರು. ಯಾಕೆ? (ಶಿವಮೊಗ್ಗ, ತೀರ್ಥಹಳ್ಳಿ ಕಡೆಯವರು ದಯವಿಟ್ಟು ಹೇಳಿ)

ತೋಟದಮನೆ · ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ಹತ್ತಿರದವರು. ಮಗಳು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. ಬೇಸಿಗೆ ರಜೆಗೆ ಬಂದಾಗಲೇ ಇಳಿದಿದ್ದಳು. ಓದಿನ ಒತ್ತಡ ಅಂದುಕೊಂಡೆವು. ಮೊನ್ನೆ ನಾಗರಪಂಚಮಿಗೆ ಬಂದವಳನ್ನು ನೋಡಿ ನನ್ನ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು. ಕೈಬಳೆ ಮೊಣಕೈ ತನಕ ಜಾರುತ್ತಿತ್ತು.

ವಿಚಿತ್ರ ಏನೆಂದರೆ ಅವಳು ಅಡುಗೆಮನೆ ಬಿಟ್ಟು ಹೊರಗೆ ಬರುವುದಿಲ್ಲ. ರಾತ್ರಿಯೆಲ್ಲ ಮೊಬೈಲಿನಲ್ಲಿ ಅಡುಗೆ ವಿಡಿಯೋ. ಬೆಳಿಗ್ಗೆ ಎದ್ದು ಎಲ್ಲರಿಗೂ ಅಕ್ಕಿ ರೊಟ್ಟಿ ತಟ್ಟುತ್ತಾಳೆ, ನನಗಿಂತ ತೆಳ್ಳಗೆ. ಅಜ್ಜನಿಗೆ ಬೆಣ್ಣೆ ಹಾಕಿ ಕೊಡುತ್ತಾಳೆ. ತಾನು ಮಾತ್ರ "ಆಮೇಲೆ". ಊಟಕ್ಕೆ ಕೂತರೆ ಒಂದು ಮುಷ್ಟಿ ಅನ್ನ, ಅದರ ಮೇಲೆ ಬಟ್ಟಲುಗಟ್ಟಲೆ ಒಂದೆಲಗದ ತಂಬುಳಿ. ನೋಡುವವರಿಗೆ ತಟ್ಟೆ ತುಂಬಿದ ಹಾಗೇ ಕಾಣುತ್ತದೆ. ಶನಿವಾರ ಒಪ್ಪತ್ತು. ಈಗ ಶ್ರಾವಣ ಅಂತ ಸೋಮವಾರವೂ ಒಪ್ಪತ್ತು. ವ್ರತ ಮಾಡುವ ಹುಡುಗಿಯನ್ನು ನಮ್ಮ ಮನೆಯಲ್ಲಿ ಯಾರು ಬೇಡ ಅನ್ನುತ್ತಾರೆ?

ದಪ್ಪ ಆಗುತ್ತೇನೆ ಅಂತ ಒಂದು ಸಲವೂ ಹೇಳಿಲ್ಲ. "ಹೊಟ್ಟೆ ಉಬ್ಬರ, ಎರಡು ತುತ್ತಿಗೇ ತುಂಬಿ ಹೋಗುತ್ತೆ" ಅನ್ನುತ್ತಾಳೆ. ಹಾಗಾಗಿ ಗ್ಯಾಸ್ಟ್ರಿಕ್ ಅಂತ ಎರಡು ತಿಂಗಳು ಮಾತ್ರೆ, ಜೀರಿಗೆ ಕಷಾಯ, ಎಲ್ಲ ಆಯಿತು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮುಟ್ಟು ನಿಂತು ನಾಲ್ಕು ತಿಂಗಳಾಗಿದೆ ಅಂತ ಈಗ ಗೊತ್ತಾಯಿತು.

ಈಟಿಂಗ್ ಡಿಸಾರ್ಡರ್, ಅಂದರೆ ಊಟಕ್ಕೆ ಸಂಬಂಧಿಸಿದ ಮನಸ್ಸಿನ ಕಾಯಿಲೆ ಇರಬಹುದು, ಮನೋವೈದ್ಯರನ್ನು ನೋಡಿ, ಜೊತೆಗೆ ಡಯಟೀಷಿಯನ್ನೂ ಬೇಕು ಅಂದರು ಶಿವಮೊಗ್ಗದ ಡಾಕ್ಟರ್. ಡಯಟೀಷಿಯನ್ ಯಾಕೆ? ಶುಗರ್ ಇರುವವರಿಗೆ, ತೂಕ ಇಳಿಸುವವರಿಗೆ ಅಲ್ವಾ ಅವರು? ಅತ್ತೆಗಂತೂ ಸಿಟ್ಟು ನೆತ್ತಿಗೇರಿದೆ. "ನಲವತ್ತು ವರ್ಷದಿಂದ ಈ ಮನೆಗೆ ಬಂದವರಿಗೆಲ್ಲ ಬಡಿಸಿದ್ದೀನಿ. ನನ್ನ ಮೊಮ್ಮಗಳಿಗೆ ಊಟ ಹಾಕೋದನ್ನ ಪೇಟೆಯವಳು ಹೇಳಿಕೊಡಬೇಕಾ?" ಅಂತಾರೆ. ನನಗೂ ಒಳಗೊಳಗೆ ಹಾಗೇ ಅನಿಸುತ್ತಿದೆ, ಸುಳ್ಳು ಹೇಳಲ್ಲ.

ಹಳೇ ಅಡಿಕೆ · ಸೋಮವಾರ, ರಾತ್ರಿ 11:15

ತಂಗೀ, ಬೇಜಾರು ಮಾಡಿಕೊಳ್ಳಬೇಡ. ನಮ್ಮ ಕಾಲದಲ್ಲಿ ಇಂಥ ಕಾಯಿಲೆ ಹೆಸರೇ ಕೇಳಿರಲಿಲ್ಲ. ಹಾಸ್ಟೆಲ್ ಬಿಡಿಸಿ ಮನೆಗೆ ಕರೆಸು. ಮೊಬೈಲ್ ಕಿತ್ತಿಟ್ಟುಕೋ. ನಾಲ್ಕು ದಿನ ತೋಟದಲ್ಲಿ ಸೋಗೆ ಎಳೆಯಲಿ, ಹಸಿವು ತಾನೇ ಬರುತ್ತದೆ. ಡಯಟ್ ಚಾರ್ಟ್ ಅಂದರೆ ಸುಮ್ನೆ ಕಾಸು ದಂಡ.

ನೈಟ್ ಡ್ಯೂಟಿ · ಮಂಗಳವಾರ, ಬೆಳಿಗ್ಗೆ 5:50

ರಾಯರೇ, ದಯವಿಟ್ಟು ಆ ಹುಡುಗಿಯನ್ನು ಸೋಗೆ ಎಳೆಯಲು ಕಳಿಸುವ ಮಾತು ಆಡಬೇಡಿ. ನಾನು ನರ್ಸ್, ಸೈಕಿಯಾಟ್ರಿ ವಾರ್ಡಿನಲ್ಲಿ ಕೆಲಸ ಮಾಡಿದವಳು. ದೇಹ ಇಷ್ಟು ಇಳಿದಾಗ ಹೃದಯವೂ ಇಳಿದಿರುತ್ತದೆ. ಅದೂ ಒಂದು ಮಾಂಸಖಂಡವೇ. ದುಡಿಸಿದರೆ ಹಸಿವು ಬರುವುದಿಲ್ಲ, ತಲೆ ತಿರುಗಿ ಬೀಳುತ್ತಾಳೆ.

ಅಕ್ಕಾ, ಚಾರ್ಟಿಗಿಂತ ಮೊದಲು ನಾಡಿ, ಬಿಪಿ, ಇಸಿಜಿ, ರಕ್ತ ಪರೀಕ್ಷೆ. ಎಚ್ಚರವಿದ್ದಾಗಲೇ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ನೀರೂ ಬೇಡ ಅಂದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇನ್ನೊಂದು ಮಾತು. ಮುಟ್ಟು ಬರಲಿ ಅಂತ ಬರೀ ಹಾರ್ಮೋನ್ ಮಾತ್ರೆ ನುಂಗಿಸಿ ಸುಮ್ಮನಾಗಬೇಡಿ. ಮಾತ್ರೆಗೆ ರಕ್ತ ಹೋಗುತ್ತದೆ, ಮೂಳೆ ಗಟ್ಟಿಯಾಗುವುದಿಲ್ಲ. ಅದಕ್ಕೆ ಊಟವೇ ಆಗಬೇಕು.

"ನಮ್ಮ ಕಾಲದಲ್ಲಿ ಇರಲಿಲ್ಲ" ಅನ್ನುವುದಕ್ಕೆ: ಹೀಗೆ ಊಟ ಬಿಟ್ಟು ಇಳಿಯುವ ಕಾಯಿಲೆಗೆ ಅನೊರೆಕ್ಸಿಯಾ ನರ್ವೋಸಾ ಅಂತ ಲಂಡನ್ನಿನ ಡಾಕ್ಟರ್ ವಿಲಿಯಂ ಗಲ್ ಹೆಸರಿಟ್ಟದ್ದು 1873ರಲ್ಲಿ. ನಿಮ್ಮ ಅಜ್ಜನ ಕಾಲಕ್ಕಿಂತ ಹಿಂದೆ ರಾಯರೇ. ಹೆಸರು ನಮ್ಮೂರಿಗೆ ಬಂದದ್ದು ತಡ, ಅಷ್ಟೇ.

ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಊಟದ ಟೀಚರ್ · ಮಂಗಳವಾರ, ಮಧ್ಯಾಹ್ನ 2:20

ತೋಟದಮನೆ ಅಕ್ಕಾ, ನಾನು ಶಿವಮೊಗ್ಗದಲ್ಲೇ ಡಯಟೀಷಿಯನ್. ಹನ್ನೊಂದು ವರ್ಷ ಆಯಿತು. ಮೊದಲಿಗೆ ಎಲ್ಲರಲ್ಲೂ ಒಂದು ವಿನಂತಿ: ಇಲ್ಲಿ ಯಾರೂ ಕೆಜಿ, ಕ್ಯಾಲರಿ ಅಂಕಿ ಬರೆಯಬೇಡಿ. ಈ ಕಾಯಿಲೆ ಇರುವವರು ಓದಿದರೆ ಆ ಅಂಕಿಯ ಜೊತೆ ಪೈಪೋಟಿಗೆ ಬೀಳುತ್ತಾರೆ.

ನಿಮ್ಮ ಅತ್ತೆಯವರ ಸಿಟ್ಟು ನನಗೆ ಹೊಸದಲ್ಲ. ನನ್ನ ಹತ್ತಿರ ಬಂದ ಅಜ್ಜಿಯರೆಲ್ಲ ಹಾಗೇ ಬೈದಿದ್ದಾರೆ. ನಮ್ಮ ಕಡೆ ಡಯಟ್ ಅಂದರೆ ಪಥ್ಯ, ಪಥ್ಯ ಅಂದರೆ ಬಿಡುವುದು. ಉಪ್ಪು ಬಿಡಿ, ಸಿಹಿ ಬಿಡಿ, ಬದನೆಕಾಯಿ ಬಿಡಿ. ಈ ಕಾಯಿಲೆಯಲ್ಲಿ ನಾನು ಮಾಡುವುದು ಅದರ ಉಲ್ಟಾ. ಆ ಹುಡುಗಿ ತನಗೆ ತಾನೇ ಹಾಕಿಕೊಂಡ ಪಥ್ಯವನ್ನು ಒಂದೊಂದಾಗಿ ಬಿಡಿಸುವುದು.

ಎಷ್ಟು ವೇಗದಲ್ಲಿ ಅನ್ನುವುದೇ ಇಲ್ಲಿ ಮುಖ್ಯ. ಅಜ್ಜಿ ಪ್ರೀತಿಯಿಂದ ಒಂದೇ ದಿನ ಪಾಯಸ, ಕಡುಬು, ತುಪ್ಪದನ್ನ ಬಡಿಸಿದರೆ ಏನಾಗುತ್ತದೆ ಗೊತ್ತಾ? ತುಂಬ ದಿನ ಅರೆಹೊಟ್ಟೆಯಲ್ಲಿದ್ದ ದೇಹ ತನ್ನದೇ ಕೊಬ್ಬು, ಮಾಂಸ ಕರಗಿಸಿ ದಿನ ದೂಡುತ್ತಿರುತ್ತದೆ. ಅಂಥ ದೇಹಕ್ಕೆ ಒಮ್ಮೆಲೇ ಅನ್ನ, ಸಿಹಿ ಹೋದರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಶಿಯಂ, ಮೆಗ್ನೀಶಿಯಂ ಜೀವಕೋಶಗಳ ಒಳಗೆ ಸೇರಿಕೊಳ್ಳುತ್ತವೆ. ರಕ್ತದಲ್ಲಿ ಅವು ಕುಸಿದರೆ ಹೃದಯದ ಬಡಿತ ಹದ ತಪ್ಪುತ್ತದೆ, ಉಸಿರಾಟಕ್ಕೂ ತೊಂದರೆ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅಂತಾರೆ. ಎರಡನೇ ಮಹಾಯುದ್ಧ ಮುಗಿದಾಗ ಸೆರೆಶಿಬಿರಗಳಿಂದ ಹೊರಬಂದವರಲ್ಲಿ ಎಷ್ಟೋ ಜನ ಊಟ ಸಿಕ್ಕ ಮೇಲೆಯೇ ತೀರಿಕೊಂಡರು. ಹತ್ತು ದಿನಕ್ಕಿಂತ ಹೆಚ್ಚು ಹೊಟ್ಟೆಗೆ ಏನೂ ಸರಿಯಾಗಿ ಹೋಗಿಲ್ಲ ಅಂದರೆ, ಕೆಲವೇ ತಿಂಗಳಲ್ಲಿ ತೂಕ ಬಹಳ ಇಳಿದಿದೆ ಅಂದರೆ ಈ ಭಯ ಇದ್ದೇ ಇರುತ್ತದೆ. ಅದಕ್ಕೇ ಮೊದಲು ಥಯಮಿನ್, ಅಂದರೆ ಬಿ1 ವಿಟಮಿನ್ ಕೊಟ್ಟು, ಆಮೇಲೆ ಊಟ ಏರಿಸುತ್ತಾ, ಶುರುವಿನ ದಿನಗಳಲ್ಲಿ ಮತ್ತೆ ಮತ್ತೆ ರಕ್ತ ನೋಡುತ್ತೇವೆ. ಡಾಕ್ಟರಿಗೆ ಫಾಸ್ಫೇಟ್ ಅಂತ ಬಾಯಿಬಿಟ್ಟು ಕೇಳಿ, ಮಾಮೂಲಿ ಪರೀಕ್ಷೆಯಲ್ಲಿ ಅದು ಬಿಟ್ಟುಹೋಗುವುದುಂಟು. ಹೆದರಿಕೊಂಡು ತೀರಾ ಕಡಿಮೆ ಕೊಟ್ಟು ವಾರಗಟ್ಟಲೆ ಕೂತರೂ ತಪ್ಪೇ, ಆ ಹುಡುಗಿ ಇನ್ನೂ ಇಳಿಯುತ್ತಾಳೆ. ಈ ಎರಡರ ನಡುವಿನ ಲೆಕ್ಕ ನಮ್ಮದು.

ಹೊಟ್ಟೆ ಉಬ್ಬರ ನಾಟಕ ಅಲ್ಲ ಅಕ್ಕಾ. ಅರೆಹೊಟ್ಟೆಯಲ್ಲೇ ಇದ್ದರೆ ಜಠರವೂ ಸೋಮಾರಿಯಾಗುತ್ತದೆ, ತಿಂದದ್ದು ಮುಂದೆ ಹೋಗುವುದು ನಿಧಾನ. ಎರಡು ತುತ್ತಿಗೆ ನಿಜವಾಗಿಯೂ ತುಂಬಿದ ಹಾಗಾಗುತ್ತದೆ. ಅದಕ್ಕೆ ಔಷಧವೂ ಊಟವೇ, ಕೆಲವು ವಾರ ಹಿಡಿಯುತ್ತದೆ. ದಪ್ಪ ಆಗುವ ಭಯದ ಮಾತೇ ಎತ್ತದೆ ಬರೀ ಹೊಟ್ಟೆಯ ದೂರು ಹೇಳುವ ರೋಗಿಗಳು ನಮ್ಮ ದೇಶದಲ್ಲಿ ಇದ್ದಾರೆ. ಅದಕ್ಕೇ ಗ್ಯಾಸ್ಟ್ರಿಕ್ ಮಾತ್ರೆಯಲ್ಲೇ ತಿಂಗಳು ಕಳೆಯುತ್ತವೆ. ತಂಬುಳಿ, ಮಜ್ಜಿಗೆ ಕೊನೆಯಲ್ಲಿ, ಒಂದು ಲೋಟ. ಮೊದಲು ಅನ್ನ, ಬೇಳೆ, ಪಲ್ಯ. ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ. ಒಪ್ಪತ್ತು ಸದ್ಯಕ್ಕೆ ಇಲ್ಲ. ಕಾಯಿಲೆಯವರಿಗೆ ವ್ರತದಲ್ಲಿ ವಿನಾಯಿತಿ ಇದೆ ಅನ್ನುವ ಮಾತು ನಿಮ್ಮ ಬಾಯಲ್ಲಿ ಬೇಡ, ಅತ್ತೆಯವರೇ ಹೇಳಲಿ. ಅವರ ಮಾತಿಗೆ ತೂಕ ಜಾಸ್ತಿ.

ಹೋಗುವಾಗ ಮನೆಯಲ್ಲಿ ಅನ್ನ ಬಡಿಸುವ ಸೌಟು, ಅವಳು ಉಣ್ಣುವ ಬಟ್ಟಲು ತೆಗೆದುಕೊಂಡು ಹೋಗಿ. ನಗಬೇಡಿ. ನಾನು ಗ್ರಾಂ ಲೆಕ್ಕ ಬರೆದುಕೊಟ್ಟರೆ ಆ ಹುಡುಗಿ ತಕ್ಕಡಿ ಹಿಡಿದು ಕೂರುತ್ತಾಳೆ. ಅವಳ ತಲೆಯಲ್ಲಿ ಈಗಾಗಲೇ ಒಂದು ತಕ್ಕಡಿ ಇದೆ. ಸೌಟಿನ ಲೆಕ್ಕದಲ್ಲಿ ಬರೆದರೆ ಬಡಿಸುವವರ ಕೈಯಲ್ಲಿರುತ್ತದೆ.

ಮೇಷ್ಟ್ರು, ಸಾಗರ · ಮಂಗಳವಾರ, ಸಂಜೆ 6:05

ಅಡುಗೆ ವಿಡಿಯೋ ವಿಷಯಕ್ಕೆ ಒಂದು ಮಾತು. 1944ರ ಕೊನೆಗೆ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಅನ್ನುವವರು ಒಂದು ಪ್ರಯೋಗ ಶುರುಮಾಡಿದರು. 36 ಗಂಡಸರು, ಗಟ್ಟಿಮುಟ್ಟಾದವರು, ತಾವಾಗಿ ಒಪ್ಪಿ ಬಂದವರು. 24 ವಾರ ಅರೆಹೊಟ್ಟೆ. ಯಾರಿಗೂ ಈ ಕಾಯಿಲೆ ಇರಲಿಲ್ಲ. ಆದರೂ ಅಡುಗೆ ಪುಸ್ತಕ ಓದತೊಡಗಿದರು, ಊಟದ ಕನಸು ಕಂಡರು, ತಟ್ಟೆ ನೆಕ್ಕಿದರು, ಒಂದೊಂದು ಊಟವನ್ನು ಗಂಟೆಗಟ್ಟಲೆ ಎಳೆದರು. ಸಿಡುಕು, ಮಂಕು, ಚಳಿ. ನಿಮ್ಮ ಮಗಳು ಅಡುಗೆಮನೆಯಲ್ಲೇ ಇರುವುದು ಹಟವೂ ಅಲ್ಲ, ನಾಟಕವೂ ಅಲ್ಲ. ಹಸಿದ ತಲೆಯ ಕೆಲಸ ಅದು.

ಭದ್ರೆ ಸೇತುವೆ · ಮಂಗಳವಾರ, ರಾತ್ರಿ 9:30

ಆಂಟಿ, ನಾನು ಭದ್ರಾವತಿಯವನು, 26 ವರ್ಷ. ಇದು ಹುಡುಗಿಯರ ಕಾಯಿಲೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನದು ಬುಲಿಮಿಯಾ. ಜಿಮ್ಮಿನಿಂದ ಶುರುವಾಯಿತು. ಬೆಳಿಗ್ಗೆ ಏನೂ ಇಲ್ಲ, ಮಧ್ಯಾಹ್ನ ಮೊಟ್ಟೆಯ ಬಿಳಿ ಭಾಗ. ಸಂಜೆ ಏಳರ ಮೇಲೆ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಬೇಕರಿಯಲ್ಲಿ ಕಟ್ಟಿಸಿಕೊಂಡದ್ದನ್ನೆಲ್ಲ ಬೈಕ್ ಮೇಲೇ ತಿಂದು ಮುಗಿಸುತ್ತಿದ್ದೆ. ಆಮೇಲೆ ವಾಂತಿ. ಮಾರನೇ ದಿನ ಅದಕ್ಕೆ ಪ್ರಾಯಶ್ಚಿತ್ತ ಅಂತ ಮತ್ತೆ ಉಪವಾಸ.

ಮೊದಲು ಹೋದ ಕಡೆ ಒಬ್ಬರು, ಹೆಸರು ಬೇಡ, ಕಾಯುವವರ ಎದುರಿಗೇ ತೂಕ ನೋಡಿ ಗಟ್ಟಿಯಾಗಿ ಓದಿದರು. "ಹೊಟ್ಟೆ ಕರಗಿಸೋಣ ಬಿಡಿ" ಅಂತ ಪ್ರಿಂಟ್ ಮಾಡಿಟ್ಟ ಚಾರ್ಟ್ ಕೈಗಿಟ್ಟರು. ರಾತ್ರಿ ಅನ್ನ ಬೇಡ, ಎರಡು ಚಪಾತಿ. ನಾನು ವಾಂತಿಯ ವಿಷಯ ಹೇಳಲೇ ಇಲ್ಲ, ಅವರು ಕೇಳಲೂ ಇಲ್ಲ. ಆ ಚಾರ್ಟ್ ಹಿಡಿದು ಇನ್ನೂ ಆರು ತಿಂಗಳು ಹಾಳಾದೆ.

ಎರಡನೆಯವರು ಮನೋವೈದ್ಯರ ಕಡೆಯಿಂದ ಸಿಕ್ಕ ಡಯಟೀಷಿಯನ್. ರಾತ್ರಿಯದ್ದು ಕೇಳಲೇ ಇಲ್ಲ. "ಬೆಳಿಗ್ಗೆ ಏನು ತಿಂದಿರಿ?" ಅಂದರು. ಏನೂ ಇಲ್ಲ ಅಂದೆ. "ಹಾಗಾದರೆ ಸಂಜೆ ಕೈ ತಡೆಯೋದು ನಿಮ್ಮಿಂದ ಸಾಧ್ಯವಿಲ್ಲ, ಅದು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲ" ಅಂದರು. ನಾನು ಅಲ್ಲೇ ಅತ್ತುಬಿಟ್ಟೆ. ಅವರ ಚಿಕಿತ್ಸೆ ಕೇಳಿದರೆ ನಗು ಬರುತ್ತೆ: ಮೂರು ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಹೊಟ್ಟೆ ಖಾಲಿ ಬಿಡಬೇಡಿ, ಹಿಂದಿನ ರಾತ್ರಿ ಏನೇ ಆಗಿರಲಿ ಬೆಳಿಗ್ಗೆ ತಿಂಡಿ ತಿನ್ನಿ. ಇಷ್ಟೇ. ಆ "ಏನೇ ಆಗಿರಲಿ" ಅನ್ನುವುದನ್ನು ಒಪ್ಪಿಕೊಳ್ಳಲು ನನಗೆ ಎರಡು ತಿಂಗಳು ಬೇಕಾಯಿತು. ವಾಂತಿ ಮಾಡಿದರೆ ತಿಂದದ್ದೆಲ್ಲ ಹೋಗುತ್ತದೆ ಅಂದುಕೊಂಡಿದ್ದೆ. ಹೋಗುವುದಿಲ್ಲ, ಪೊಟ್ಯಾಶಿಯಂ ಹೋಗುತ್ತದೆ, ಹಲ್ಲಿನ ಮೇಲ್ಪದರ ಹೋಗುತ್ತದೆ ಅಂತ ತಿಳಿಸಿದ್ದು ಅವರೇ. ಹಲ್ಲಿಗೆ ಖರ್ಚು ಮಾಡಿದ ದುಡ್ಡಿನಲ್ಲಿ ಒಂದು ಬೈಕ್ ಬರುತ್ತಿತ್ತು.

ಹಳೇ ಅಡಿಕೆ · ಬುಧವಾರ, ಬೆಳಿಗ್ಗೆ 7:10

ಸೋಗೆ ಮಾತು ವಾಪಸ್ ತೆಗೆದುಕೊಂಡೆ ಮಾರಾಯ್ರೆ, ನರ್ಸಮ್ಮ ಬೈದದ್ದು ಸರಿ ಇದೆ. ಆದರೆ ಈಗ ಇನ್ನೊಂದು ಪ್ರಶ್ನೆ. ಡಯಟೀಷಿಯನ್ ಇಷ್ಟೆಲ್ಲ ಮಾಡುವುದಾದರೆ ಮನೋವೈದ್ಯರು ಎಂತಕ್ಕೆ? ಹುಡುಗಿ ಮದುವೆ ವಯಸ್ಸಿಗೆ ಬರುವವಳು. ಊರಲ್ಲಿ ಹೆಸರು ಕೆಡುತ್ತದೆ. ಊಟದ ಮೇಡಂ ಹತ್ತಿರ ಹೋಗಿದ್ದಾಳೆ ಅಂದರೆ ಯಾರೂ ಏನೂ ಅನ್ನುವುದಿಲ್ಲ ನೋಡಿ.

ಊಟದ ಟೀಚರ್ · ಬುಧವಾರ, ಮಧ್ಯಾಹ್ನ 1:45

ಅಣ್ಣಾ, ನೀವು ಹೇಳಿದ್ದೇ ನನ್ನ ಕೆಲಸದ ದೊಡ್ಡ ಅನುಕೂಲ, ದೊಡ್ಡ ಅಪಾಯವೂ ಅದೇ. ಎಷ್ಟೋ ಮನೆಯವರು ಮೊದಲು ಬರುವುದು ನನ್ನ ಹತ್ತಿರವೇ, ಮರ್ಯಾದೆಗೆ ಹೆದರಿ. ಬರಲಿ. ಬಂದವರನ್ನು ನಾನೊಬ್ಬಳೇ ಇಟ್ಟುಕೊಳ್ಳಬಾರದು.

ಒಮ್ಮೆ ಇಟ್ಟುಕೊಂಡಿದ್ದೆ. ಕೆಲಸಕ್ಕೆ ಸೇರಿದ ಹೊಸತು. ಒಂದು ಹುಡುಗಿ ಮೂರು ತಿಂಗಳು ಬಂದಳು. ಹೇಳಿದ್ದಕ್ಕೆಲ್ಲ "ಹೂಂ ಮೇಡಂ". ಮಶೀನಿನಲ್ಲಿ ತೂಕ ಏರುತ್ತಿತ್ತು, ನಾನು ಹಿಗ್ಗುತ್ತಿದ್ದೆ. ತೂಕ ನೋಡುವ ದಿನ ಮಾತ್ರ ಅವಳು ನನಗೆ ಮೋಸ ಮಾಡುತ್ತಿದ್ದಳು ಅಂತ ಗೊತ್ತಾದದ್ದು ಅವಳು ಕುಸಿದು ಬಿದ್ದು ಅಡ್ಮಿಟ್ ಆದಾಗ. ಅವಳ ಭಯವನ್ನು ನಾನು ಮುಟ್ಟಿಯೇ ಇರಲಿಲ್ಲ. ಬರೀ ತಟ್ಟೆ ಮುಟ್ಟಿದ್ದೆ. ಅವಳು ಬದುಕಿದ್ದಾಳೆ, ಪುಣ್ಯ.

ಈಗ ನನ್ನ ರೂಲು: ಡಾಕ್ಟರ್, ಮನೋವೈದ್ಯರು, ಆಪ್ತಸಮಾಲೋಚಕರು, ನಾನು. ಯಾರಿಗೆ ಏನು ಹೇಳಿದಳು ಅಂತ ನಾವು ಮಾತಾಡಿಕೊಳ್ಳುತ್ತೇವೆ. ತುಪ್ಪ ಕಂಡರೆ ಯಾಕೆ ನಡುಗುತ್ತಾಳೆ ಅನ್ನುವುದು ಅವರ ಕೆಲಸ. ಆ ನಡುಕ ಇರುವಾಗಲೇ ಅರ್ಧ ಚಮಚ ತುಪ್ಪ ತಟ್ಟೆಗೆ ಹೇಗೆ ಬರಬೇಕು ಅನ್ನುವುದು ನನ್ನದು. ಶಿವಮೊಗ್ಗದ ಜಿಲ್ಲಾ ಆಸ್ಪತ್ರೆ ಮೆಡಿಕಲ್ ಕಾಲೇಜಿನದ್ದೇ, ಅಲ್ಲೂ ಮನೋವೈದ್ಯ ವಿಭಾಗ ಇದೆ. ತೀರಾ ಕಷ್ಟ ಆದರೆ ಬೆಂಗಳೂರಿನ ನಿಮ್ಹಾನ್ಸ್ ಇದ್ದೇ ಇದೆ.

ಕೊಪ್ಪದ ಮಳೆ · ಬುಧವಾರ, ಸಂಜೆ 4:30

ನಿಜವಾದ ಡಯಟೀಷಿಯನ್ ಯಾರು ಅಂತ ಗುರುತಿಸುವುದು ಹೇಗೆ ಮೇಡಂ? ಇನ್‌ಸ್ಟಾಗ್ರಾಂ ತೆರೆದರೆ ಎಲ್ಲರೂ ನ್ಯೂಟ್ರಿಷನಿಸ್ಟೇ.

ಊಟದ ಟೀಚರ್ · ಬುಧವಾರ, ಸಂಜೆ 5:15

ಓದಿದ್ದು ಏನು ಅಂತ ನೇರ ಕೇಳಿ. ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್‌ನವರ ಪರೀಕ್ಷೆ ಪಾಸಾದವರು ಹೆಸರಿನ ಮುಂದೆ ಆರ್‌ಡಿ (ರಿಜಿಸ್ಟರ್ಡ್ ಡಯಟೀಷಿಯನ್) ಅಂತ ಹಾಕಿಕೊಳ್ಳುತ್ತಾರೆ. ನಮ್ಮ ವೃತ್ತಿಯನ್ನೂ ಸೇರಿಸಿ 2021ರಲ್ಲಿ ಒಂದು ಕಾಯ್ದೆ ಬಂದಿದೆ. ಆದರೆ ಡಿಗ್ರಿ ಇದ್ದವರೆಲ್ಲ ಈ ಕಾಯಿಲೆ ನೋಡಿರುವುದಿಲ್ಲ. "ಈಟಿಂಗ್ ಡಿಸಾರ್ಡರ್ ಇರುವವರನ್ನು ನೋಡಿದ್ದೀರಾ? ಮನೋವೈದ್ಯರ ಜೊತೆ ಮಾತಾಡುತ್ತೀರಾ?" ಅಂತ ಕೇಳಿ. ಮೊದಲ ದಿನವೇ ಪ್ರೋಟೀನ್ ಪೌಡರ್ ಡಬ್ಬ ಮಾರಲು ಬಂದರೆ ಎದ್ದು ಬನ್ನಿ.

ತೋಟದಮನೆ · ಬುಧವಾರ, ರಾತ್ರಿ 11:00

ಎಲ್ಲರದ್ದೂ ಎರಡೆರಡು ಸಲ ಓದಿದೆ. ಅತ್ತೆಗೂ ಓದಿ ಹೇಳಿದೆ. ಯುದ್ಧದ ಸೆರೆಯವರ ಕಥೆಗೆ ಸುಮ್ಮನಾದರು. ಶುಕ್ರವಾರ ಹೋಗುತ್ತೇವೆ. ಹಾಸ್ಟೆಲ್ ಬಿಡಿಸಬೇಕಾ ಅನ್ನುವುದೇ ತಲೆನೋವು. ಪರೀಕ್ಷೆ ವರ್ಷ.

ಊಟದ ಟೀಚರ್ · ಗುರುವಾರ, ಬೆಳಿಗ್ಗೆ 8:20

ಅದನ್ನು ಡಾಕ್ಟರ್ ಜೊತೆ ಕೂತು ತೀರ್ಮಾನಿಸಿ. ಈ ವಯಸ್ಸಿನವರಿಗೆ ಮನೆಯವರೇ ಊಟದ ಜವಾಬ್ದಾರಿ ಹೊರುವ ಚಿಕಿತ್ಸೆ ಒಂದಿದೆ, 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದದ್ದು. ಏನು, ಎಷ್ಟು ಅನ್ನುವುದು ಸದ್ಯಕ್ಕೆ ದೊಡ್ಡವರ ಕೈಯಲ್ಲಿ. ಸುಧಾರಿಸಿದಂತೆ ಅವಳ ಕೈಗೆ ವಾಪಸ್. ಹಾಸ್ಟೆಲ್ ಮೆಸ್ಸಿನಲ್ಲಿ ಅದು ಆಗುವ ಮಾತಲ್ಲ.

ತೋಟದಮನೆ · ಏಳು ವಾರದ ನಂತರ, ಭಾನುವಾರ

ಕೇಳಿದವರಿಗೆಲ್ಲ ಉತ್ತರ ಕೊಡದೆ ಇದ್ದದ್ದಕ್ಕೆ ಕ್ಷಮಿಸಿ. ಮೊದಲ ಒಂಬತ್ತು ದಿನ ಆಸ್ಪತ್ರೆಯಲ್ಲೇ ಇದ್ದೆವು. ನಾಡಿ 46 ಇತ್ತು. ಫಾಸ್ಫೇಟ್ ಮೂರನೇ ದಿನ ಇಳಿಯಿತು, ಔಷಧ ಕೊಟ್ಟು ಸರಿಮಾಡಿದರು. ಮನೆಯಲ್ಲೇ ಹಬ್ಬದೂಟ ಹಾಕಿದ್ದರೆ ಅಂತ ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಆಮೇಲೆ ಹಾಸ್ಟೆಲ್ ಬಿಡಿಸಿ ಶಿವಮೊಗ್ಗದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದೇವೆ. ಅತ್ತೆಯೂ ಬಂದಿದ್ದಾರೆ. ಡಯಟೀಷಿಯನ್ ಮೇಡಂ (ಇಲ್ಲಿ ಬರೆದವರಲ್ಲ, ಬೇರೆಯವರು) ಚೀಲದಿಂದ ಸೌಟು ತೆಗೆದದ್ದು ನೋಡಿ ಮೊದಲು ನಕ್ಕರು. ಆಮೇಲೆ ಸೌಟಿಗೆ ನೀರು ತುಂಬಿಸಿ ಲೋಟಕ್ಕೆ ಸುರಿದು ಅಳೆದು, ಬರೆದುಕೊಂಡರು. ಅತ್ತೆಗೆ ಹೇಳಿದರು, "ಅಮ್ಮಾ, ಬಡಿಸೋದು ನೀವೇ. ನಾನು ಎಷ್ಟು ಸೌಟು ಅಂತ ಮಾತ್ರ ಹೇಳ್ತೀನಿ. ಅವಳು ಬೈದರೆ ನನ್ನ ಹೆಸರು ಹೇಳಿ." ಅಲ್ಲಿಂದ ಅತ್ತೆ ಅವರ ಕಡೆ. ಮಗಳು ಅಳಲಿ, ತಟ್ಟೆ ದೂಡಲಿ, "ಮೇಡಂ ಎರಡು ಸೌಟು ಅಂದಿದಾರೆ" ಅಂತ ಬಡಿಸಿ ಪಕ್ಕದಲ್ಲೇ ಕೂರುತ್ತಾರೆ. ಊಟ ಆದ ಮೇಲೆ ಒಂದು ಗಂಟೆ ಅವಳನ್ನು ಒಬ್ಬಳೇ ಬಿಡಬೇಡಿ ಅಂದಿದ್ದಾರೆ, ಹಾಗಾಗಿ ಇಬ್ಬರೂ ಚೆನ್ನೆಮಣೆ ಆಡುತ್ತಾರೆ. ಅತ್ತೆ ಮೋಸ ಮಾಡುತ್ತಾರೆ.

ಎಲ್ಲ ಸರಿಹೋಗಿಲ್ಲ. ಚೌತಿಯ ದಿನ ಕಡುಬು ಕಂಡು ರೂಮಿನ ಬಾಗಿಲು ಹಾಕಿಕೊಂಡಳು. ತಟ್ಟೆ ಒಮ್ಮೆ ಗೋಡೆಗೆ ಬಿತ್ತು. ಮುಟ್ಟು ಇನ್ನೂ ಬಂದಿಲ್ಲ. ತೂಕ ನೋಡುವಾಗ ಮಶೀನಿಗೆ ಬೆನ್ನು ಹಾಕಿ ನಿಲ್ಲಿಸುತ್ತಾರೆ, ಅಂಕಿ ಅವಳಿಗೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಆದರೆ ನಾಡಿ 60ರ ಮೇಲಿದೆ. ಹೊಟ್ಟೆ ಉಬ್ಬರ ಅನ್ನುವುದು ಕಡಿಮೆಯಾಗಿದೆ. ಹೆದರಿಕೆ ಆಗುವ ತಿನಿಸುಗಳ ಪಟ್ಟಿ ಮಾಡಿಸಿದ್ದಾರೆ. ಮೊದಲನೆಯದು ತುಪ್ಪ, ಕೊನೆಯದು ಹೋಳಿಗೆ. ಕೆಳಗಿನಿಂದ ಅಲ್ಲ, ನಡುವಿನಿಂದ ಶುರು ಅಂತೆ. ಈ ವಾರ ಹಲಸಿನ ಹಪ್ಪಳ ಎರಡು ತಿಂದಳು. ಎಣ್ಣೆ ಒರೆಸಲು ಕಾಗದ ಹುಡುಕಿದಳು, ಅತ್ತೆ ಕಾಗದದ ಮೇಲೆ ಕೂತುಬಿಟ್ಟಿದ್ದರು.

ನೈಟ್ ಡ್ಯೂಟಿ · ಭಾನುವಾರ, ರಾತ್ರಿ 8:15

ಅತ್ತೆಯವರನ್ನು ನಮ್ಮ ವಾರ್ಡಿಗೆ ಕಳಿಸಿಕೊಡಿ ಅಕ್ಕಾ, ಒಂದು ಪೋಸ್ಟ್ ಖಾಲಿ ಇದೆ.

ಭದ್ರೆ ಸೇತುವೆ · ಭಾನುವಾರ, ರಾತ್ರಿ 8:40

ಆಂಟಿ, ಮಧ್ಯೆ ಹಿಂದಕ್ಕೆ ಬೀಳುವ ವಾರಗಳು ಬರುತ್ತವೆ. ನನಗೆ ಮೂರು ಸಲ ಬಂತು. ಅವತ್ತು ಅಪಾಯಿಂಟ್‌ಮೆಂಟ್ ತಪ್ಪಿಸಬೇಡಿ. ತಪ್ಪಿಸಬೇಕು ಅನಿಸುವುದೇ ಅವತ್ತು.

ಊಟದ ಟೀಚರ್ · ಭಾನುವಾರ, ರಾತ್ರಿ 9:05

ಅಕ್ಕಾ, ಆ ಮೇಡಂ ಯಾರು ಅಂತ ನನಗೆ ಅಂದಾಜಿದೆ, ಒಳ್ಳೆಯ ಕೈಯಲ್ಲಿದ್ದೀರಿ. ಸೌಟು ವಾಪಸ್ ತಂದಿರಾ?

ತೋಟದಮನೆ · ಭಾನುವಾರ, ರಾತ್ರಿ 9:20

ಇಲ್ಲ, ಅವರ ಮೇಜಿನ ಮೇಲೇ ಮರೆತು ಬಂದೆ. ಅದು ಅತ್ತೆಯ ತವರಿನ ಸೌಟು. ಈಗ ತಮ್ಮನ ಮನೆಯ ಸೌಟಿನಲ್ಲಿ ಬಡಿಸುತ್ತಾ "ಇದು ಸ್ವಲ್ಪ ಸಣ್ಣದು" ಅಂತ ದಿನಾ ಅರ್ಧ ಸೌಟು ಜಾಸ್ತಿ ಹಾಕುತ್ತಿದ್ದಾರೆ. ಶುಕ್ರವಾರ ಹೋದಾಗ ಕೇಳಬೇಕು.